ಕೋಯಿ ಶಕ್ ಮಾಸ್ತರು

"ಮಿಲಿಟರಿಯಿಂದ ಬಂದವರಿಗೆ ಮೇಷ್ಟ್ರ ಕೆಲಸ ಕಲಿಸ್ತೀರಂತೆ?" ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಕೋಪ. ಕಲಿಸುವುದೇನು ಬಂತು ನನ್ನ ತಲೆ! ಇಪ್ಪತ್ತು ವರ್ಷ ಹೊಸ ಹುಡುಗರಿಗೆ ಕಲಿಸಿಯೇ ಹೊರಬಂದವರು ಅವರು. ನಾನು ಮಾಡುವುದಿಷ್ಟು: ಭಾನುವಾರ ಬೆಳಿಗ್ಗೆ ಘಾಟ್ಕೋಪರದಲ್ಲಿ ಲೋಕಲ್ ಹಿಡಿದು ಸಯಾನ್‌ನಲ್ಲಿ ಇಳಿಯುವುದು, ಅಲ್ಲಿಂದ ಬಸ್ಸಿನಲ್ಲಿ ಆಂಟಾಪ್ ಹಿಲ್‌ಗೆ ಹೋಗಿ ಒಂದು ಕನ್ನಡ ಸಂಘದ ಹಾಲ್‌ನಲ್ಲಿ ಕೂರುವುದು. ಬಿ.ಎಡ್. ಮುಗಿಸಿ, ಟಿಇಟಿ ಪಾಸಾಗಿ, ಕೊನೆಗೆ ಇಂಟರ್‌ವ್ಯೂನಲ್ಲಿ ಮುಗ್ಗರಿಸುವ ನಾಲ್ಕು ಮಂದಿ ಮಾಜಿ ಸೈನಿಕರು ಅಲ್ಲಿಗೆ ಬರುತ್ತಾರೆ. ಅವರಿಂದ ಪಾಠ ಹೇಳಿಸುತ್ತೇನೆ, ಬೈಯುತ್ತೇನೆ, ತಿದ್ದುತ್ತೇನೆ.

ನಾನು ಸರಸ್ವತಿ. ಮೈಸೂರು ಕಡೆಯವಳು, ಮೂವತ್ತೊಂದು ವರ್ಷ ಇದೇ ಮುಂಬಯಿಯ ಬಿ.ಎಡ್. ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಾಲಿಗೆ ಸ್ವಲ್ಪ ಚುರುಕು, ಕುತೂಹಲ ಅದಕ್ಕಿಂತ ಜಾಸ್ತಿ. ನಮ್ಮ ಯಜಮಾನರು ಕಿಟ್ಟು, "ಊರಿಗೆ ಉಪಕಾರ ಮಾಡ್ಬೇಡ, ಹೆಣಕ್ಕೆ ಶೃಂಗಾರ ಮಾಡ್ಬೇಡ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ ಕಣೇ" ಎಂದು ಪ್ರತಿ ಭಾನುವಾರ ಗೊಣಗುತ್ತಾರೆ. ಗೊಣಗುತ್ತಲೇ ನನ್ನ ಚೀಲಕ್ಕೆ ನೀರಿನ ಬಾಟಲಿ ತುಂಬಿಸಿಡುತ್ತಾರೆ.

ಈಗ ಹೇಳಹೊರಟಿರುವುದು ಗುರಲಿಂಗಪ್ಪನವರ ವಿಷಯ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ತೋಪಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತಿಯಾದವರು. ತೋಪು ಎಳೆಯುವ ಕೆಲಸವಲ್ಲ, ಲೆಕ್ಕದ ಕೆಲಸ. ತೋಪಿನ ಬಾಯಿ ಯಾವ ದಿಕ್ಕಿಗಿರಬೇಕು, ಎಷ್ಟು ಎತ್ತಬೇಕು ಎಂದು ಕೋನ ಹಿಡಿದು ಅಂಕಿ ಕೊಡುವುದು. ಸೇವೆಯಲ್ಲಿದ್ದಾಗಲೇ ದೂರಶಿಕ್ಷಣದಲ್ಲಿ ಗಣಿತ ತೆಗೆದುಕೊಂಡು ಡಿಗ್ರಿ ಮಾಡಿಕೊಂಡರು, ಹೊರಗೆ ಬಂದು ಬಿ.ಎಡ್. ಮಾಡಿದರು. ಈಗ ಅಂಧೇರಿಯ ಒಂದು ಆಫೀಸಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಗಣಿತ ಮಾಸ್ತರಾಗಬೇಕೆಂಬುದೊಂದೇ ಹಟ.

ಎರಡು ಶಾಲೆಗಳು ಅವರನ್ನು ಇಂಟರ್‌ವ್ಯೂಗೆ ಕರೆದವು. ಎರಡೂ ಕಡೆ ಒಂದೇ ಮಾತು: "ಫೌಜಿ ಅಲ್ವಾ? ಪಿ.ಟಿ. ಮಾಸ್ತರಾಗಿ ಬನ್ನಿ." ಎರಡೂ ಕಡೆ ಇವರು ಕೈಮುಗಿದು ವಾಪಸು ಬಂದರು.

ಮೊದಲ ಭಾನುವಾರ ನಾನು ಅವರಿಗೆ ಹೇಳಿದೆ, "ಯಾವುದಾದರೂ ಪಾಠ, ಹತ್ತು ನಿಮಿಷ ಮಾಡಿ ತೋರಿಸಿ." ಅವರು ಪಾಠ ಶುರು ಮಾಡಲಿಲ್ಲ. ಮೊದಲು ನಮ್ಮನ್ನೆಲ್ಲ ಎಣಿಸಿದರು. ನನ್ನನ್ನೂ ಸೇರಿಸಿ ನಾಲ್ಕು ತಲೆ! ಆಮೇಲೆ ಕುರ್ಚಿಗಳನ್ನು ತಿರುಗಿಸಿದರು. ಕಿಟಕಿಯ ಬೆಳಕು ಬೋರ್ಡಿನ ಮೇಲೆ ಬಿದ್ದು ಹೊಳೆಯುತ್ತಿತ್ತು, ಅರ್ಧ ಪರದೆ ಎಳೆದರು. ನನ್ನ ಕುರ್ಚಿಯ ಕಾಲು ಅಲ್ಲಾಡುತ್ತಿದ್ದದ್ದನ್ನು ನೋಡಿ ಕೆಳಗೆ ಕಾಗದ ಮಡಚಿ ಇಟ್ಟರು.

"ಇದೇನ್ರೀ ಇದು, ಮದುವೆ ಮನೆ ತಯಾರಿ?" ಎಂದೆ.

"ಇದು ಶುರು ಶುರು ಕಾ ಕಾಮ್ ರೀ ಅಕ್ಕಾರ," ಎಂದರು. "ಪಾಠಕ್ಕ ಮದಲ ಇದು ಆಗಬೇಕು. ಇನ್ನ ದೋಹರಾಯಿ, ಅಂದ್ರ ಹಿಂದಿನ ಪಾಠ ನೆಪ್ಪೈತಿಲ್ಲೋ ನೋಡೂದು. ಆಮ್ಯಾಲ ಪಹುಂಚ್."

"ಪಹುಂಚ್ ಅಂದ್ರೆ?"

"ಈ ಪಾಠ ಕಲತ್ರ ನಿನಗೇನ ಫಾಯದಾ, ಕಲೀಲಿಲ್ಲಂದ್ರ ಏನ ನುಕ್ಸಾನ, ಅದನ್ನ ಮದಲ ಹೇಳಬೇಕ್ರಿ. ಇಲ್ಲಂದ್ರ ಜವಾನನ ಕಣ್ಣ ತೆರದಿರ್ತಾವು, ತಲಿ ಮಕ್ಕೊಂಡಿರತೈತಿ."

ನಾನು ಬೆಪ್ಪಾದೆ. ಮೂವತ್ತೊಂದು ವರ್ಷ ಇದನ್ನೇ ನಾನು ‘ಪೀಠಿಕೆ’, ‘ಉದ್ದೇಶ’ ಎಂದು ದಪ್ಪ ಪುಸ್ತಕ ಹಿಡಿದು ಕೊರೆದಿದ್ದೆ. ನನ್ನ ಎಷ್ಟೋ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ, ಕಾಪಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬರೆದು ಮರೆತರು. ಬಂದೂಕು ಬಿಚ್ಚಿ ಜೋಡಿಸುವುದನ್ನು ಕಲಿಸಲು ಮಿಲಿಟರಿಯವರೂ ಅದೇ ಮೆಟ್ಟಿಲು ಕಟ್ಟಿಕೊಂಡಿದ್ದಾರೆ ಎಂದು ನನಗೆ ಯಾರು ಹೇಳಬೇಕಿತ್ತು? ನಾನು ಚೀಲದಿಂದ ನೋಟ್‌ಬುಕ್ ತೆಗೆದು ‘ಪಹುಂಚ್’ ಎಂದು ಬರೆದುಕೊಂಡೆ.

ಭಿನ್ನರಾಶಿಯ ಪಾಠ ಮಾಡಿದರು. ಬರಹ ದುಂಡಗೆ, ಮಾತು ಸ್ಪಷ್ಟ, ಎಲ್ಲಾ ಸರಿ. ಕೊನೆಗೆ ಹಿಮ್ಮಡಿಗೆ ಹಿಮ್ಮಡಿ ತಾಗಿಸಿ ನಿಂತು, "ಕೋಯಿ ಶಕ್?" ಎಂದು ಒಂದು ಗುಡುಗು. ಯಾರಿಗಾದರೂ ಸಂಶಯವಿದೆಯೇ ಎಂದು.

"ನಹೀ ಉಸ್ತಾದ್!" ಎಂದು ಉಳಿದ ಮೂವರು ಮಾಜಿ ಸೈನಿಕರು ಕೂತಲ್ಲೇ ಅಬ್ಬರಿಸಿದರು. ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ಹೆಂಗಸರ ಭಜನೆ ಗಕ್ಕನೆ ನಿಂತಿತು.

ನಾನು ಕೈ ಎತ್ತಿದೆ. "ನನಗಿದೆ ಶಕ್. ಅರ್ಧದಿಂದ ಭಾಗಿಸಿದರೆ ಉತ್ತರ ದೊಡ್ಡದು ಹೇಗಾಗುತ್ತೆ? ಭಾಗ ಮಾಡಿದರೆ ಕಡಿಮೆ ಆಗಬೇಕಲ್ವಾ?"

ಗುರಲಿಂಗಪ್ಪನವರ ಮುಖ ನೋಡಬೇಕಿತ್ತು. ‘ಕೋಯಿ ಶಕ್?’ ಎಂಬುದಕ್ಕೆ ‘ಹೌದು’ ಎಂಬ ಉತ್ತರವೂ ಉಂಟು ಎಂದು ಅವರಿಗೆ ಗೊತ್ತೇ ಇದ್ದಂತಿರಲಿಲ್ಲ. ಆಗ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಜೋರಾಗಿ.

"ಕೂಗಿ ಹೇಳಿದರೆ ಅರ್ಥವಾಗುತ್ತೇನ್ರೀ? ನನಗೇನು ಕಿವುಡೇ?" ಎಂದು ರೇಗಿದೆ.

"ಹಂಗಲ್ರಿ ಅಕ್ಕಾರ. ಅಲ್ಲಿ ಯಾರೂ ಶಕ್ ಐತಿ ಅನ್ನೂದಿಲ್ರಿ. ಅಂದವಗ ರಗಡಾ ಸಿಗತೈತಿ." ರಗಡಾ ಎಂದರೆ ಶಿಕ್ಷೆಯ ಕಸರತ್ತಂತೆ, ಓಡಿಸುವುದು, ಉರುಳಿಸುವುದು. "ಅದಕ್ಕ ಎಲ್ಲಾರೂ ನಹೀ ಅಂತಾರ. ಪಾಠ ಮುಗೀತು ಅಂತ ಅದರ ಅರ್ಥ."

ಅಯ್ಯೋ ರಾಮ! ಪ್ರಶ್ನೆ ಕೇಳುವುದೇ ಬಾಯಿ ಮುಚ್ಚಿಸಲಿಕ್ಕೆ! ನನಗೆ ಸಿಟ್ಟೂ ಬಂತು, ಇದನ್ನು ಬಿಡಿಸಲಾಗುತ್ತದೆಯೇ ನೋಡಿಯೇಬಿಡೋಣ ಎಂಬ ಚಪಲವೂ ಹುಟ್ಟಿತು.

ಮುಂದಿನ ಭಾನುವಾರ ಆ ಬಿಲ್ಡಿಂಗಿನ ಏಳೆಂಟು ಮಕ್ಕಳನ್ನು ಬಿಸ್ಕತ್ತಿನ ಆಸೆ ತೋರಿಸಿ ಕರೆತಂದೆ. ಮಾರ್ಚ್ ತಿಂಗಳು, ಕರೆಂಟು ಹೋಗಿತ್ತು. ಗುರಲಿಂಗಪ್ಪನವರು ಪಾಠ ಮುಗಿಸಿ ಅಭ್ಯಾಸಬಲದಿಂದ "ಕೋಯಿ ಶಕ್?" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಂಗಳೂರು ಕಡೆಯ ಒಂದು ಪುಟ್ಟ ಹುಡುಗಿ ಹಣೆ ಒರೆಸಿಕೊಂಡು, "ಹೌದು ಸರ್, ತುಂಬಾ ಶೆಕೆ, ಫ್ಯಾನ್ ಯಾವಾಗ ಬರ್ತದೆ?" ಎಂದಳು. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಗುರಲಿಂಗಪ್ಪನವರೂ ನಕ್ಕರು. ಅವರು ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಾವಿಬ್ಬರೂ ಕೂತು ಆ ಮಾತಿಗೆ ಬದಲು ಇನ್ನೊಂದು ಮಾತು ಹುಡುಕಿದೆವು. ‘ಅರ್ಥ ಆಯ್ತಾ?’ ಬೇಡ ಎಂದೆ. ಅದಕ್ಕೂ ಮಕ್ಕಳು ಕೋಲೆಬಸವನ ಹಾಗೆ ತಲೆಯಾಡಿಸುತ್ತವೆ. ಅಳೆದು ಸುರಿದು ಕೊನೆಗೆ "ಎಲ್ಲಿ ಎಡವಿದ್ರಿ?" ಎಂದು ಗೊತ್ತು ಮಾಡಿದೆವು. ಎಡವಿಯೇ ಇರುತ್ತೀರಿ, ಎಲ್ಲಿ ಎಂದು ಹೇಳಿ, ಅಷ್ಟೇ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ! ಪ್ರತಿ ಸಲವೂ ‘ಕೋಯಿ’ ಬಾಯಿಗೆ ಬಂದೇ ಬರುತ್ತಿತ್ತು. ಅದನ್ನು ನುಂಗಿ "ಎಲ್ಲಿ ಎಡವಿದ್ರಿ?" ಎನ್ನುವಷ್ಟರಲ್ಲಿ ಮನುಷ್ಯ ಬೆವೆತುಹೋಗುತ್ತಿದ್ದರು.

ಇಷ್ಟು ಕಷ್ಟ ಯಾಕೆ? ಕವಾಯತು ಮಾಡಿಸಿ ಎಂದರೆ ನಿದ್ದೆಯಲ್ಲೂ ಮಾಡಿಸುವ ಮನುಷ್ಯ. ಪಿ.ಟಿ. ಮಾಸ್ತರಾಗಿದ್ದರೆ ಇಷ್ಟು ಹೊತ್ತಿಗೆ ಒಂದು ವರ್ಷದ ಸರ್ವಿಸ್ ಆಗಿರುತ್ತಿತ್ತು. "ಯಾಕ್ರೀ ಗಣಿತಾನೇ ಆಗ್ಬೇಕು?" ಎಂದು ಕೇಳಿದೆ. "ಹೇಳ್ತೀನ್ರಿ ಅಕ್ಕಾರ, ಟೈಮ್ ಬರಲಿ," ಎಂದರು. ಮತ್ತೆ ಕೇಳಿದೆ, ಮತ್ತದೇ ಉತ್ತರ. ನನ್ನಂಥವಳಿಗೆ ಹೀಗೆ ಹೇಳಬಾರದು. ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು.

ಅಷ್ಟರಲ್ಲಿ ಘಾಟ್ಕೋಪರದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯ ಒಂದು ಕನ್ನಡ ಶಾಲೆಯಲ್ಲಿ ಗಣಿತದ ಜಾಗ ಖಾಲಿಯಾಯಿತು. ಅಲ್ಲಿನ ಹೆಡ್‌ಮಿಸ್ ಪ್ರಫುಲ್ಲಾ, ಉಡುಪಿ ಕಡೆಯವಳು, ಒಂದು ಕಾಲದ ನನ್ನ ವಿದ್ಯಾರ್ಥಿನಿ. ಏಪ್ರಿಲ್ ಎರಡನೇ ವಾರ ಎಂಟನೇ ಕ್ಲಾಸಿಗೆ ಪಾಠ ಮಾಡಿ ತೋರಿಸಬೇಕು, ಟ್ರಸ್ಟಿಯವರೂ ಬಂದು ಕೂರುತ್ತಾರೆ ಎಂದಳು. ಒಂದೇ ತೊಡಕು. ಆಯ್ಕೆಯ ದಿನಕ್ಕೆ ನಲವತ್ತೈದು ತುಂಬಿದವರನ್ನು ಹೊಸದಾಗಿ ತೆಗೆದುಕೊಳ್ಳುವುದಿಲ್ಲವೆಂದು ಆ ಟ್ರಸ್ಟಿನ ನಿಯಮ. ಗುರಲಿಂಗಪ್ಪನವರಿಗೆ ಮೇ ತಿಂಗಳಲ್ಲಿ ನಲವತ್ತೈದು ತುಂಬುತ್ತದೆ. ಮುಂಬಯಿಯಲ್ಲಿ ಕನ್ನಡ ಶಾಲೆಗಳೇ ಬೆರಳೆಣಿಕೆ, ಅದರಲ್ಲಿ ಗಣಿತದ ಜಾಗ ಯಾವಾಗ ಖಾಲಿಯಾದೀತು? ಈ ಸಲ ತಪ್ಪಿದರೆ ತಪ್ಪಿದ ಹಾಗೇ.

ಈ ಸುದ್ದಿ ಹೇಳಲು ಆಂಟಾಪ್ ಹಿಲ್‌ನ ಅವರ ಮನೆಗೆ ಹೋದೆ. ಗುರಲಿಂಗಪ್ಪನವರು ಡ್ಯೂಟಿಯಲ್ಲಿದ್ದರು. ಅವರ ಹೆಂಡತಿ ಹಾಲವ್ವ ಸೀರೆಗೆ ಫಾಲ್ ಹೊಲಿಯುತ್ತಾ ಕೂತಿದ್ದರು. ಚಹಾ ಮಾಡಿಕೊಟ್ಟರು. "ನಿಮ್ಮ ಮನೆಯವರಿಗೆ ಗಣಿತದ ಹುಚ್ಚು ಯಾಕಮ್ಮ?" ಎಂದು ಕೇಳಿದೆ.

"ನನಗೂ ಹೇಳಿಲ್ರಿ ಅಕ್ಕಾರ. ಕೇಳಿ ಕೇಳಿ ಸಾಕಾತು." ಹಾಲವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಪೀಟಿ ಮಾಸ್ತರ ಆದ್ರೂ ಮಾಸ್ತರ ಅಲ್ಲೇನ್ರಿ? ಈ ಸಲಾನೂ ಆಗಲಿಲ್ಲಂದ್ರ ಅವರು ಒಡದಹೋಗ್ತಾರ್ರೀ. ನನಗ ಬಾಳ ಅಂಜಿಕಿ ಬರತೈತಿ. ನೀವರ ಒಂದ ಮಾತ ಹೇಳ್ರಿ ಅಕ್ಕಾರ, ಯಾವುದ ಕೊಟ್ಟರೂ ತಗೋ ಅಂತ."

ಆ ಹೆಂಗಸಿನ ಮುಖ ನೋಡಿ ಅಯ್ಯೋ ಪಾಪ ಎನ್ನಿಸಿತು. ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ‘ಕೋಯಿ’ಯನ್ನು ನುಂಗಲು ಒದ್ದಾಡುವ ಮನುಷ್ಯ ಎಂಟನೇ ಕ್ಲಾಸಿನ ನಲವತ್ತು ಪಿಶಾಚಿಗಳ ಮುಂದೆ, ಅದೂ ಟ್ರಸ್ಟಿಯ ಎದುರು, ನಿಭಾಯಿಸುತ್ತಾರೆಂಬ ನಂಬಿಕೆ ನನಗೂ ಇರಲಿಲ್ಲ. ಅವರಿಗೆ ಹೇಳಿದೆನೇ? ಇಲ್ಲ. ಡ್ಯೂಟಿ ಮುಗಿಸಿ ಬಂದ ಗುರಲಿಂಗಪ್ಪನವರಿಗೆ ಬಾಯಿತುಂಬ "ಚೆನ್ನಾಗಿ ಮಾಡ್ತೀರಿ, ಹೋಗಿ ಬನ್ನಿ" ಎಂದೆ. ಮನೆಗೆ ಬಂದು ಪ್ರಫುಲ್ಲಾಳಿಗೆ ಫೋನು ಮಾಡಿ, "ನೋಡೇ, ಗಣಿತ ಆಗಲಿಲ್ಲ ಅಂದ್ರೆ ಕೊನೇಪಕ್ಷ ಪಿ.ಟಿ.ಗಾದರೂ ಅವರನ್ನ ಇಟ್ಕೋ. ಬರಿಗೈಲಿ ಕಳಿಸ್ಬೇಡ," ಎಂದುಬಿಟ್ಟೆ. ಉಪಕಾರ ಮಾಡಿದೆನೆಂದು ಅವತ್ತು ಒಳ್ಳೆ ನಿದ್ದೆಯೂ ಬಂತು.

ಪಾಠ ಮಾಡಿ ತೋರಿಸುವ ದಿನ ಗುರಲಿಂಗಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅರ್ಧ ಗಂಟೆ ಮೊದಲೇ ಬಂದು ಗೇಟಿನ ಬಳಿ ನಿಂತಿದ್ದರು. ಕ್ಲಾಸಿನ ಕೊನೆಯ ಬೆಂಚಿನಲ್ಲಿ ಪ್ರಫುಲ್ಲಾ, ನಾನು, ಟ್ರಸ್ಟಿ ಸುಕೇಶ್. ಸುಕೇಶ್‌ಗೆ ನಲವತ್ತರ ಒಳಗೇ. ಮುಂಬಯಿಯಲ್ಲೇ ಹುಟ್ಟಿದವನು, ಅಪ್ಪನ ಹೋಟೆಲು ವ್ಯವಹಾರದ ಜೊತೆಗೆ ಅಪ್ಪನ ಟ್ರಸ್ಟೂ ಅವನ ತಲೆಗೆ ಬಂದಿತ್ತು. ಒಳ್ಳೆಯ ಹುಡುಗ, ಕೈಯಲ್ಲಿನ ಫೋನು ಮಾತ್ರ ಕೆಳಗಿಡುವುದಿಲ್ಲ.

ಪಾಠ ಕೋನಗಳದ್ದು. ಗುರಲಿಂಗಪ್ಪನವರು ಮಕ್ಕಳನ್ನು ಎಣಿಸಿದರು. ಕಿಟಕಿ ನೋಡಿದರು. ಆಮೇಲೆ ಕೇಳಿದರು: "ಘಾಟ್ಕೋಪರ್ ಸ್ಟೇಷನ್ನಿನ ಬ್ರಿಜ್ ಮ್ಯಾಲ ನೀವ ನಿಂತೀರಿ. ನಿಮ್ಮ ದೋಸ್ತ ಫೋನ್ ಮಾಡ್ತಾನ, ನಾ ಇಲ್ಲೇ ಅದೀನಿ ನೋಡ ಅಂತಾನ. ಸಾವಿರ ಮಂದಿ. ಯಾವ ಕಡೆ ನೋಡಬೇಕು? ಅವ ನಿಮಗ ಏನಂತ ಹೇಳಬೇಕು?"

ಕ್ಲಾಸು ಗಿಜಿಗುಟ್ಟಿತು. "ಮೆಟ್ರೋ ಕಡೆ ಅನ್ಬೇಕು ಸರ್!" "ನಹೀ ಸರ್, ಲೆಫ್ಟ್!" "ಯಾರ ಲೆಫ್ಟು? ಅವನದಾ ನಂದಾ?" ಸುಕೇಶ್ ಫೋನಿನಿಂದ ತಲೆಯೆತ್ತಿದ. ಪಹುಂಚ್ ಮುಟ್ಟಬೇಕಾದಲ್ಲಿ ಮುಟ್ಟಿತ್ತು. ನನಗೆ ಒಳಗೊಳಗೇ ಹಿಗ್ಗು.

ಅವರು ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆದರು. ಅದನ್ನು ನಾಲ್ಕು ಭಾಗ ಮಾಡಿದರು. ಒಂದು ಭಾಗಕ್ಕೆ ಲಂಬಕೋನ ಎಂದು ಹೆಸರು ಬರೆದು, ಪಕ್ಕದಲ್ಲಿ ದುಂಡಗೆ ಅಂಕಿ ಬರೆದರು: 1600.

ತೊಂಬತ್ತು ಎಂದು ಬರೆಯಬೇಕಿದ್ದ ಜಾಗ! ಮನುಷ್ಯನಿಗೆ ಗೊತ್ತೇ ಆಗಿರಲಿಲ್ಲ. ತೋಪಖಾನೆಯಲ್ಲಿ ವೃತ್ತಕ್ಕೆ ಮುನ್ನೂರ ಅರವತ್ತು ಡಿಗ್ರಿಯಲ್ಲ, ಆರು ಸಾವಿರದ ನಾನೂರು ಮಿಲ್. ಇಪ್ಪತ್ತನಾಲ್ಕು ವರ್ಷ ಬರೆದ ಕೈ ತಾನಾಗಿಯೇ ಬರೆದುಬಿಟ್ಟಿತ್ತು. ಸುಕೇಶ್ ನನ್ನ ಕಡೆ ವಾಲಿ, "ಮೇಡಂ, ಯೇ ಕ್ಯಾ ಹೈ?" ಎಂದ. ನಾನು ಕೆಮ್ಮಿದೆ. ಗುರಲಿಂಗಪ್ಪನವರು ಇತ್ತ ನೋಡಲೇ ಇಲ್ಲ. ಹಿಮ್ಮಡಿ ಕೂಡಿಸಿ ನಿಂತರು.

"ಕೋ..." ಎಂದವರು ನುಂಗಿಕೊಂಡರು. "ಎಲ್ಲಿ ಎಡವಿದ್ರಿ?"

ಮೂರನೇ ಬೆಂಚಿನಿಂದ ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತಳು. ಯಕ್ಷಿತಾ ಅಂತ, ಆಮೇಲೆ ಗೊತ್ತಾಯಿತು. "ಸರ್, ನಾವು ಎಡವಲಿಲ್ಲ. ನೀವು ಎಡವಿದ್ದು," ಎಂದಳು.

ಗುರಲಿಂಗಪ್ಪನವರು ಬೋರ್ಡು ನೋಡಿದರು. ಅವರ ಮುಖ ಕೆಂಪಾಯಿತು. ‘ಮುಗೀತು ಕಥೆ’ ಎಂದುಕೊಂಡೆ. ಕೂಗಾಡುತ್ತಾರೋ ಹೊರಗೆ ಹೋಗುತ್ತಾರೋ ಎಂದು ನಾನು ಉಗುರು ಕಚ್ಚುತ್ತಿದ್ದೆ.

"ಶಾಬಾಸ್," ಎಂದರು. ದನಿ ಸಣ್ಣಗಿತ್ತು. "ಬಾರವ್ವ ಇಲ್ಲೆ. ಸರಿ ಮಾಡು."

ಯಕ್ಷಿತಾ ಬಂದು 1600 ಅಳಿಸಿ 90 ಎಂದು ಬರೆದಳು. ಗುರಲಿಂಗಪ್ಪನವರು ಅವಳ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡು ಮಕ್ಕಳ ಕಡೆ ತಿರುಗಿದರು. "ನಾ ಬರದದ್ದ ತಪ್ಪು. ಆದ್ರ ಅದು ಎಲ್ಲಿಂದ ಬಂತು ಹೇಳ್ತೀನಿ ಕೇಳ್ರಿ. ಒಂದ ಕಿಲೋಮೀಟರ್ ದೂರ ಒಂದ ಗಿಡ ಐತಿ. ನೀವು ಒಂದ ಡಿಗ್ರಿ ತಪ್ಪಿದ್ರ ಗಿಡದಿಂದ ಎಷ್ಟ ಆಚೀಕ ಹೋಗ್ತೀರಿ?" ಒಬ್ಬ ಒಂದಡಿ ಎಂದ, ಒಬ್ಬಳು ಎರಡು ಮೀಟರ್ ಎಂದಳು. "ಹದಿನೇಳ ಮೀಟರ್! ಡಿಗ್ರಿ ಅನ್ನೂದು ಬಾಳ ದಪ್ಪ ತುಂಡು. ಅದಕ್ಕ ಫೌಜಿನವರು ವೃತ್ತಾನ ಸಣ್ಣ ಸಣ್ಣ ಹೆಚ್ಚಿದ್ರು. ಆರ ಸಾವಿರದ ನಾಕನೂರ ತುಂಡು. ಒಂದ ತುಂಡ ತಪ್ಪಿದ್ರ ಒಂದ ಮೀಟರ್ ಅಷ್ಟ."

"ಹಾಗಾದ್ರೆ ಮುನ್ನೂರ ಅರವತ್ತು ಅಂತ ಮಾಡಿದ್ದು ಯಾರು ಸರ್?" "ನೂರು ತುಂಡು ಮಾಡ್ಬಹುದಾ?" "ನಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿದ್ರೆ ನಡೀತದಾ?" ಪ್ರಶ್ನೆಯ ಮೇಲೆ ಪ್ರಶ್ನೆ. ನನಗೂ ಒಂದು ಬಾಯಿಗೆ ಬಂದಿತ್ತು, ತಡೆದುಕೊಂಡೆ. ಊಟದ ಬೆಲ್ ಹೊಡೆಯಿತು. ಯಾವ ಮಗುವೂ ಡಬ್ಬಿಗೆ ಕೈ ಹಾಕಲಿಲ್ಲ.

ಪ್ರಫುಲ್ಲಾಳ ಆಫೀಸಿನಲ್ಲಿ ಕೂತೆವು. ಸುಕೇಶ್ ಗಂಟಲು ಸರಿಮಾಡಿಕೊಂಡ. "ಸರ್, ಬುರಾ ಮತ್ ಮಾನಿಯೇ. ನಾನು ಸ್ಟ್ರೇಟ್ ಮಾತಾಡ್ತೇನೆ. ಬೋರ್ಡ್ ಮೇಲೆ ಬೇಸಿಕ್ ಚೀಜ್ ರಾಂಗ್ ಆಯ್ತು. ನಾಳೆ ಪೇರೆಂಟ್ಸ್ ಕೇಳಿದ್ರೆ ನಾನು ಏನು ಹೇಳ್ಬೇಕು? ನೀವು ಪಿ.ಟಿ. ತಗೊಳ್ಳಿ. ಡಿಸಿಪ್ಲಿನ್ ಕೂಡ ನಿಮ್ಮದೇ. ಸರಸ್ವತಿ ಮೇಡಂನವರೇ ಫೋನ್ ಮಾಡಿ ಪಿ.ಟಿ. ಆದ್ರೂ ಕೊಡಿ ಅಂತ ಹೇಳಿದ್ರಂತೆ."

ಗುರಲಿಂಗಪ್ಪನವರು ನನ್ನ ಕಡೆ ತಿರುಗಿ ನೋಡಿದರು. ಬರೀ ನೋಡಿದರು, ಅಷ್ಟೇ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ.

ಆಮೇಲೆ ಅವರು ಸುಕೇಶ್‌ಗೆ ಹೇಳಿದರು: "ಒಂದ ಮಾತ ಹೇಳಿ ಹೋಗ್ತೀನ್ರಿ ಸಾಹೇಬರ. ಗಣಿತಾನ ಯಾಕ ಬೇಕು ಅಂತ ಈ ಅಕ್ಕಾರು ಕೇಳಿ ಕೇಳಿ ಬ್ಯಾಸತ್ತಾರ, ನನ್ನ ಹೇಣ್ತೀಗೂ ಹೇಳಿಲ್ಲ. ಫೌಜಿನ್ಯಾಗ ಹೊಸ ಹುಡುಗರಿಗೆ ಈ ಲೆಕ್ಕ ನಾನ ಕಲಸ್ತಿದ್ದೆ. ಈಶ್ವರ ಅಂತ ಒಬ್ಬ ಹುಡುಗ ಇದ್ದ, ಬೀದರದವ. ಒಂದ ದಿನ ಎಲ್ಲಾರ ಮುಂದ ಎದ್ದು, ಉಸ್ತಾದ, ನೀವ ಬರದದ್ದ ತಪ್ಪೈತಿ ಅಂದ. ಖರೇನ ತಪ್ಪಿತ್ರಿ. ಆದ್ರ ನನಗ ಸಿಟ್ಟ ಬಂತು. ಬಂದೂಕ ತಲಿ ಮ್ಯಾಲ ಎತ್ತಿಸಿ ಮೈದಾನದಾಗ ಹತ್ತ ಸುತ್ತ ಓಡಿಸಿದೆ. ಎಂಟನೇ ಸುತ್ತಿಗೆ ಅವ ವಾಂತಿ ಮಾಡ್ಕೊಂಡ. ಆದ್ರೂ ಹತ್ತೂ ಓಡಿಸೇ ಬಿಟ್ಟೆ."

ಪ್ರಫುಲ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಎರಡ ವರ್ಷದ ಮ್ಯಾಲ, ತೋಪಿನ ಅಭ್ಯಾಸದಾಗ, ಅವ ನನ್ನ ಬಾಜೂಕ ಕುಂತಿದ್ದ. ನಾ ಎರಡ ಸಾವಿರದ ನಾಕನೂರಾ ಎಂಬತ್ತ ಅನ್ನೂ ಬದ್ಲಿ ಎರಡ ಸಾವಿರದ ಎಂಟನೂರಾ ನಲವತ್ತ ಅಂದೆ. ಗುಂಡು ಬ್ಯಾರೆ ಕಡೆ ಹೋಗಿ ಒಂದ ಕುರುಬರ ಗುಡಿಸಲದ ಮ್ಯಾಲ ಬಿತ್ತು. ಪುಣ್ಯಾಕ ಅವತ್ತ ಮನಿಮಂದಿ ಎಲ್ಲಾ ಸಂತಿಗೆ ಹೋಗಿದ್ರು. ಆಮ್ಯಾಲ ಈಶ್ವರನ ಕೇಳಿದೆ, ನಿನಗ ಕಂಡಿರಲಿಲ್ಲೇನಲೇ ಅಂತ. ಕಂಡಿತ್ತ ಉಸ್ತಾದ ಅಂದ. ಮತ್ತ ಯಾಕ ಸುಮ್ಮ ಕುಂತಿ ಅಂದೆ. ನೀವು ಕೋಯಿ ಶಕ್ ಅಂದ್ರಿ, ನಾ ನಹೀ ಅಂದೆ, ಅಂದ."

ಹೊರಗೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ತಪ್ಪು ನಂದ ಅಂತ ನಾನ ಬರದಕೊಟ್ಟೆ. ಮುಂದ ನನಗ ಬಡ್ತಿ ಸಿಗಲಿಲ್ಲ, ಸಿಗಬಾರದಾಗಿತ್ತು ಕೂಡ. ಆದ್ರ ಆ ಹುಡುಗನ ಬಾಯಿ ಮುಚ್ಚಿಸಿದವ ನಾನು. ಕವಾಯತಿನ್ಯಾಗ ಹೂಂ ಅಂದ್ರ ನಡೀತೈತ್ರಿ. ಗಣಿತದಾಗ ನಡಿಯೂದಿಲ್ಲ. ಅಲ್ಲಿ ಸಾಹೇಬನ ತಪ್ಪು, ಜವಾನನ ತಪ್ಪು ಎರಡೂ ಒಂದ. ಸಣ್ಣ ಮಕ್ಕಳಿಗೆ ಇದನ್ನ ಕಲಿಸಬೇಕು ಅಂತ ಹೊಂಟೀನಿ. ಪೀಟಿ ನಂಗ ಬ್ಯಾಡ್ರಿ. ಬರ್ತೀನಿ." ಎದ್ದುನಿಂತರು.

ಸುಕೇಶ್ ಪ್ರಫುಲ್ಲಾಳಿಗೆ ತುಳುವಿನಲ್ಲಿ ಏನೋ ಕೇಳಿದ. ಅವಳು ಬೇಕೆಂದೇ ಕನ್ನಡದಲ್ಲಿ ಉತ್ತರ ಕೊಟ್ಟಳು. "ಎಂತ ಕೇಳುದು ಮಾರ್ರೆ? ಬೆಲ್ ಆದ ಮೇಲೂ ಮಕ್ಕಳು ಏಳ್ಲಿಲ್ಲ, ನೀವೇ ನೋಡಿದ್ರಲ್ಲ. ನನಗೆ ಗಣಿತಕ್ಕೆ ಇವರೇ ಬೇಕು. ಪಿ.ಟಿ.ಗೆ ಬೇರೆಯವರನ್ನು ಹುಡುಕಿ."

ಸುಕೇಶ್ ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದು, ಗುರಲಿಂಗಪ್ಪನವರ ಕೈ ಹಿಡಿದು ಕುಲುಕಿದ. "ಒಂದು ವರ್ಷ ಪ್ರೊಬೇಷನ್ ಸರ್. ಸೆವೆಂತ್ ಮತ್ತು ಏಟ್ತ್. ಓನ್ಲಿ ಮ್ಯಾಥ್ಸ್."

ಗೇಟಿನವರೆಗೂ ಇಬ್ಬರೂ ಒಟ್ಟಿಗೆ ನಡೆದೆವು. ನನಗೆ ತಡೆಯಲಾಗಲಿಲ್ಲ. "ನಿಮ್ಮ ಕೈಲಿ ಆಗಲ್ಲ ಅಂದುಕೊಂಡಿದ್ದೆ ಗುರಲಿಂಗಪ್ಪ. ತಪ್ಪಾಯ್ತು," ಎಂದೆ.

"ಅನಕೊಂಡದ್ದ ತಪ್ಪಲ್ರಿ ಅಕ್ಕಾರ," ಎಂದರು ಅವರು. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. "ನನ್ನ ಮುಂದ ಹೇಳಬೇಕಾಗಿತ್ತು."

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಎಲ್ಲರ ಸಂಶಯವನ್ನೂ ಬಾಯಿಬಿಡಿಸಲು ಹೊರಟ ನಾನು ನನ್ನದನ್ನು ಮಾತ್ರ ಅವರ ಬೆನ್ನ ಹಿಂದೆ ಹೇಳಿದ್ದೆ. ಕಣ್ಣಲ್ಲಿ ನೀರು ಬಂತು. ಅವರು ನೋಡಿಯೂ ನೋಡದವರಂತೆ ರಸ್ತೆಯ ಕಡೆ ತಿರುಗಿದರು. ಅತ್ತ ನೋಡುತ್ತಲೇ, "ಸಾಲಿ ಚಾಲೂ ಆಗೂ ದಿನ ಬರ್ರಿ. ಹಿಂದಿನ ಬೆಂಚಿಗೆ ಕುಂಡ್ರಿ. ನಾ ಏನರ ತಪ್ಪಿದ್ರ ಅಲ್ಲೇ ಹೇಳ್ರಿ," ಎಂದರು.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಹೋದೆ. ಮಳೆಗೆ ಅರ್ಧ ಮಕ್ಕಳು ನೆನೆದು ಬಂದಿದ್ದರು. ಗುರಲಿಂಗಪ್ಪನವರು ಎಣಿಸಿದರು, ಕಿಟಕಿ ಮುಚ್ಚಿಸಿದರು, ಪಾಠ ಶುರು ಮಾಡಿದರು. ಹತ್ತು ನಿಮಿಷವಾಗಿತ್ತು. ಗುಣಾಕಾರದಲ್ಲಿ ಕೈಯಲ್ಲುಳಿದ ಒಂದು ದಶಕವನ್ನು ಕೂಡಿಸದೆ ಬಿಟ್ಟುಬಿಟ್ಟರು. ನಾನು ಕೈ ಎತ್ತಿದೆ. ನನ್ನ ಮುಂದೆ ಆಗಲೇ ಏಳು ಕೈ ಮೇಲೆದ್ದಿದ್ದವು.